ಸವತಿಹಳ್ಳಕ್ಕೆ ಆ ಹೆಸರು ಬಂದದ್ದು

ಹೊಂಗೆದೊಡ್ಡಿಯಿಂದ ಕಾವೇರಿಯ ಕಡೆಗೆ ಇಳಿಯುವ ಗಾಡಿದಾರಿಯಲ್ಲಿ, ಹೊಳೆ ಇನ್ನೂ ಕಣ್ಣಿಗೆ ಬೀಳುವ ಮೊದಲೇ, ಎಡಗಡೆಯ ಗುಡ್ಡಗಳಿಂದ ಬರುವ ಹಳ್ಳವೊಂದು ಅಡ್ಡ ಸಿಗುತ್ತದೆ. ಬೇಸಿಗೆಯಲ್ಲಿ ಅದು ಹಳ್ಳವೆಂದು ಹೇಳಿದರೂ ನಂಬುವುದು ಕಷ್ಟ. ಬಂಡೆಗಳ ಸಂದಿನಲ್ಲಿ ಅಲ್ಲಲ್ಲಿ ನಿಂತ ನೀರು, ಅದರ ಸುತ್ತ ಆಡಿನ ಹೆಜ್ಜೆಗುರುತು, ಎರಡೂ ದಡದಲ್ಲಿ ಬಿಳಿ ತೊಗಟೆಯ ಹೊಳೆಮತ್ತಿ ಮರಗಳು. ಮುಂಗಾರು ಹಿಡಿದ ಮೇಲೆ ಅದೇ ಹಳ್ಳ ಮೊಳಕಾಲುದ್ದ, ಸೊಂಟದುದ್ದ ಹರಿಯುತ್ತದೆ. ಹೊಳೆಗೆ ಸೇರುವ ಮುನ್ನ ಅದು ಬೆಣಚುಕಲ್ಲಿನ ಹಾಸಿನ ಮೇಲೆ ಅಗಲವಾಗಿ ಹರಡಿಕೊಳ್ಳುವ ಜಾಗಕ್ಕೆ ಸವತಿಹಳ್ಳವೆಂದು ಹೆಸರು. ಹೊಳೆ ನೋಡಲು ಬರುವ ಪೇಟೆಯವರಿಗೆ ಕಾರಿನ ಡ್ರೈವರುಗಳು ಒಂದು ಕತೆ ಹೇಳುವುದುಂಟು. ಒಬ್ಬನ ಇಬ್ಬರು ಹೆಂಡಿರು ಜಡೆ ಹಿಡಿದು ಬಡಿದಾಡುತ್ತ ಇಲ್ಲಿನ ನೀರಿಗೆ ಬಿದ್ದು ಸತ್ತರಂತೆ. ಹಾಸಿನ ನೀರನ್ನು ನೋಡಿದ ಯಾರಿಗಾದರೂ ಅಲ್ಲಿ ಇಬ್ಬರು ಮುಳುಗಿ ಸಾಯುವುದು ಆಗದ ಮಾತೆಂದು ತಿಳಿಯಬೇಕು. ನಮ್ಮ ಹಿರಿಯರು ಹೇಳುತ್ತಿದ್ದುದು ಬೇರೆ. ಅವರ ಪ್ರಕಾರ ಇಲ್ಲಿದ್ದವಳು ಒಬ್ಬಳೇ ಹೆಂಡತಿ.

ಹಿಂದೆ ಒಮ್ಮೆ, ಈ ಸೀಮೆ ಪಾಳೆಯಗಾರರ ಕೈಯಲ್ಲಿದ್ದಾಗ, ಹೊಂಗೆದೊಡ್ಡಿಯ ಬೆಸ್ತರ ಕೇರಿಯಲ್ಲಿ ಮಂಚಯ್ಯ ಎಂಬವನಿದ್ದ. ಹರಿಗೋಲು ಹಾಕುವುದರಲ್ಲಿ, ಗಾಳ ಎಸೆಯುವುದರಲ್ಲಿ ಅವನಿಗೆ ಸಮನಾದವರು ಆ ದಡದಲ್ಲೂ ಇರಲಿಲ್ಲ, ಈ ದಡದಲ್ಲೂ ಇರಲಿಲ್ಲ. ಮಾತು ಕಡಿಮೆ. ಹೊಳೆಯಾಚೆಯ ಊರಿನ ನಿಂಗಾಜಿಯನ್ನು ಅವನು ಮದುವೆಯಾಗಿ ತಂದ. ನಿಂಗಾಜಿ ಮೈಬಗ್ಗಿಸಿ ದುಡಿಯುವವಳು, ಚೆಲುವೆ, ಗಂಡನ ಮೇಲೆ ಪ್ರಾಣವನ್ನೇ ಇಟ್ಟವಳು. ಆ ಪ್ರೀತಿ ಒಂದು ಬಗೆಯ ಹಸಿವಿನಂತಿತ್ತು ಎನ್ನುತ್ತಾರೆ. ಅವನ ತಟ್ಟೆಗೆ ಅತ್ತೆ ಮುದ್ದೆ ಇಟ್ಟರೂ ಅವಳಿಗೆ ಸಹಿಸಲಾಗುತ್ತಿರಲಿಲ್ಲ. ಕಟ್ಟೆಯ ಮೇಲೆ ಅವನು ಗೆಳೆಯರ ಜೊತೆ ನಗುವುದು ಕೇಳಿಸಿದರೆ, ಮನೆಯಲ್ಲಿ ಇವನು ಹೀಗೆ ನಗುವುದಿಲ್ಲವಲ್ಲ ಎಂದು ಒಳಗೊಳಗೇ ಕುದಿಯುತ್ತಿದ್ದಳು. ಆದರೆ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ.

ಆ ಕಾಲಕ್ಕೆ ಹೊಳೆಯ ಬಿಳಿಮೀನು ಮುಂಗಾರಿನ ಹೊಸನೀರು ಬಂದೊಡನೆ ಹಳ್ಳ ಹತ್ತಿ ಬಂದು ಬೆಣಚುಕಲ್ಲಿನ ಹಾಸಿನಲ್ಲಿ ಮೊಟ್ಟೆಯಿಡುತ್ತಿತ್ತು. ಹೆಣ್ಣುಮೀನು ಬಾಲದಿಂದ ಕಲ್ಲು ಸರಿಸಿ ಗುಂಡಿ ಮಾಡಿ, ಮೊಟ್ಟೆಯಿಟ್ಟು, ಮತ್ತೆ ಕಲ್ಲು ಮುಚ್ಚುತ್ತದೆ. ಮಗುಚಿದ ಕಲ್ಲಿನ ಮೇಲೆ ಪಾಚಿ ಇರುವುದಿಲ್ಲವಾದ್ದರಿಂದ ದಡದಲ್ಲಿ ನಿಂತರೆ ನೀರಿನ ಅಡಿಯಲ್ಲಿ ಬೆಳ್ಳನೆಯ ವೃತ್ತಗಳು ಕಾಣುತ್ತವೆ. ತುಂಬಿದ ಬಸುರಿಯಾಗಿ ಮೊಳಕಾಲುದ್ದದ ನೀರಿನಲ್ಲಿ ಸಿಗುವ ಮೀನನ್ನು ಹಿಡಿಯಲು ಗಾಳವೂ ಬೇಡ, ಬಲೆಯೂ ಬೇಡ. ಊರಿಗೆ ಊರೇ ದೊಣ್ಣೆ ಕುಕ್ಕೆ ಹಿಡಿದು ಇಳಿಯುತ್ತಿತ್ತು. ಹಾಗೆ ಇಳಿದ ಕಾಲುಗಳ ಅಡಿಯಲ್ಲೇ ಮುಂದಿನ ವರ್ಷದ ಮೀನು ಜಜ್ಜಿಹೋಗುತ್ತಿದೆಯೆಂದು ಮಂಚಯ್ಯನಿಗೆ ಹೊಳೆದದ್ದು, ಹೊಳೆಯಲ್ಲಿ ಮರಿಮೀನೇ ಕಾಣದೆ ಬಲೆಗಳು ಬರಿದಾಗಿ ಬರತೊಡಗಿದ ಮೇಲೆ. ಅವನು ಊರಿನ ಯಜಮಾನರ ಮುಂದೆ ನಿಂತು, ಹೊಸನೀರಿನಿಂದ ಗೌರಿಹಬ್ಬದವರೆಗೆ ಹಾಸಿನ ಮೇಲೆ ಯಾರೂ ಕಾಲಿಡಬಾರದು, ದನ ಹಾಯಿಸಬಾರದು, ಮೀನು ಬೇಕಾದವರು ಕೆಳಗೆ ಬಂಡೆಯ ಮೇಲೆ ನಿಂತು ಗಾಳ ಹಾಕಲಿ, ಹೊಟ್ಟೆ ತುಂಬಿದ ಹೆಣ್ಣು ಸಿಕ್ಕರೆ ಕೊಕ್ಕೆ ಬಿಡಿಸಿ ನೀರಿಗೆ ಬಿಡಲಿ ಎಂದು ಕೇಳಿದ. ಯಜಮಾನರು ಒಪ್ಪಿದರು. ಆದರೆ ಕಾಯುವವರಿಲ್ಲದ ಕಟ್ಟುಪಾಡು ನಿಲ್ಲುವುದಿಲ್ಲ, ಕಾವಲು ನಿನ್ನದೇ ಎಂದರು.

ಅದು ಅವರ ಮದುವೆಯಾದ ಮೊದಲ ವರ್ಷ. ಪದ್ಧತಿಯಂತೆ ನಿಂಗಾಜಿ ಆಷಾಢಕ್ಕೆ ತವರಿಗೆ ಹೋಗಿದ್ದಳು. ಶ್ರಾವಣದಲ್ಲಿ ಹಿಂತಿರುಗಿ ಬಂದಾಗ ಗಂಡ ಮನೆಯಲ್ಲಿರಲಿಲ್ಲ. ಬೆಳಕು ಹರಿಯುವಾಗ ಹಳ್ಳಕ್ಕೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಾನೆಂದು ಅತ್ತೆ ಹೇಳಿದಳು. ಬಂದವನ ಕೈಯಲ್ಲಿ ಮೀನಿರಲಿಲ್ಲ, ಮುಖದಲ್ಲಿ ಮಾತ್ರ ಎಂದೂ ಕಾಣದ ಗೆಲವಿತ್ತು. ತವರಿನವರು ಹೇಗಿದ್ದಾರೆಂದು ಕೇಳಲೂ ಅವನು ಮರೆತ. ಮೀನು ಕಾಯುತ್ತಿದ್ದೇನೆ ಎಂದದ್ದನ್ನು ನಿಂಗಾಜಿ ನಂಬಲಿಲ್ಲ. ಮೀನು ಹಿಡಿಯುವವನು ಮೀನು ಕಾಯುವುದೆಂದರೇನು? ಪಕ್ಕದ ಮನೆಯ ಕೆಂಚವ್ವ ನೀರು ತರುವಾಗ ನಗುತ್ತ, ನೀನು ತವರಿಗೆ ಹೋದ ಹೊತ್ತು ನೋಡಿ ನಿನ್ನ ಗಂಡ ಹಳ್ಳದಲ್ಲಿ ಇನ್ನೊಂದು ಸಂಸಾರ ಹೂಡಿದ್ದಾನೆ ಎಂದಳು. ತಮಾಷೆಯ ಮಾತು. ನಿಂಗಾಜಿಗೆ ಅದು ತಮಾಷೆಯಾಗಿ ಕೇಳಿಸಲಿಲ್ಲ.

ಮರುದಿನ ಸೌದೆಯ ನೆಪ ಮಾಡಿಕೊಂಡು ಅವನ ಹಿಂದೆಯೇ ಹೋದಳು. ಹೊಳೆಮತ್ತಿಯ ಮರೆಯಲ್ಲಿ ನಿಂತು ನೋಡಿದರೆ ಮಂಚಯ್ಯ ಬಂಡೆಯ ಮೇಲೆ ಬೋರಲು ಮಲಗಿ ನೀರಿನ ಕಡೆಗೆ ತಲೆಯಿಳಿಬಿಟ್ಟಿದ್ದ. ಯಾರೊಡನೆಯೋ ಮೆಲ್ಲಗೆ ಮಾತಾಡುತ್ತಿದ್ದ.

"ಬಾರವ್ವ, ಹೆದರಬ್ಯಾಡ. ಯಾರೂ ಬರಾಕಿಲ್ಲ. ನಾನಿವ್ನಿ."

ನಿಂಗಾಜಿ ಸೌದೆಯ ಹಗ್ಗವನ್ನು ಅಲ್ಲೇ ಬಿಟ್ಟು ಬಂಡೆಗೆ ಓಡಿದಳು. ಅಲ್ಲಿ ಹೆಣ್ಣು ಯಾವುದೂ ಇರಲಿಲ್ಲ. ನೀರಿನ ಅಡಿಯ ಬೆಳ್ಳನೆಯ ಕಲ್ಲುಗಳ ಮೇಲೆ ತೋಳುದ್ದದ ಬಿಳಿಮೀನೊಂದು ಕಿವಿರು ಆಡಿಸುತ್ತ ನಿಂತಿತ್ತು. ಮಂಚಯ್ಯ ಹೆಂಡತಿಯನ್ನು ನೋಡಿ ಸಂತೋಷಪಟ್ಟು, ಸದ್ದು ಮಾಡಬೇಡವೆಂದು ಸನ್ನೆ ಮಾಡಿ, ಬಾ ನೋಡು ಎಂದು ಪಕ್ಕದಲ್ಲಿ ಜಾಗ ಬಿಟ್ಟ. ಅವಳು ಕೂರದೆ ಹಿಂದಿರುಗಿದಳು. ಮನಸ್ಸು ಹಗುರವಾಗಬೇಕಿತ್ತು, ಆಗಲಿಲ್ಲ. ಹಿಂದೆ ತಾನು ಜ್ವರ ಬಂದು ನರಳುತ್ತಿದ್ದಾಗ ಇವನು ಕಷಾಯ ಕಾಯಿಸಿ ಕೊಟ್ಟು, ಹೊದಿಕೆ ಹೊದಿಸಿ, ಹೊಳೆಗೆ ಹೋಗಿದ್ದ. ಮಾಡಬೇಕಾದದ್ದನ್ನೆಲ್ಲ ಮಾಡಿದ್ದ. ಹೆದರಬೇಡ, ನಾನಿದ್ದೇನೆ ಎಂಬ ಮಾತು ಮಾತ್ರ ಅವನ ಬಾಯಿಂದ ಬಂದಿರಲಿಲ್ಲ. ಹೆಣ್ಣಾಗಿದ್ದರೆ ಜುಟ್ಟು ಹಿಡಿದು ಬೀದಿಗೆ ಎಳೆಯಬಹುದಿತ್ತು, ನಾಲ್ಕು ಜನರ ಮುಂದೆ ನ್ಯಾಯ ಕೇಳಬಹುದಿತ್ತು. ಮೀನಿನ ಮೇಲೆ ಯಾರಿಗೆ ದೂರು ಕೊಡುವುದು? ಅವಳು ಅನ್ನ ಬಿಟ್ಟಳು, ನಿದ್ದೆ ಬಿಟ್ಟಳು.

ಎರಡನೆಯ ವರ್ಷದ ಹೊಸನೀರಿನಲ್ಲಿ ಪಾಳೆಯಗಾರನ ಮನೆಯ ದಿಬ್ಬಣವನ್ನು ಹೊಳೆ ದಾಟಿಸಲು ಮಂಚಯ್ಯನಿಗೆ ಕರೆ ಬಂತು. ಇಲ್ಲವೆನ್ನುವಂತಿರಲಿಲ್ಲ. ಅವನು ಹೆಂಡತಿಯನ್ನು ಕರೆದು, ಇದೊಂದು ದಿನ ನೀನು ಹಾಸಿನ ಬಳಿ ಕೂತಿರು, ನಿನ್ನನ್ನು ಬಿಟ್ಟರೆ ಬೇರೆ ಯಾರನ್ನೂ ನಾನು ನಂಬುವುದಿಲ್ಲ ಎಂದ. ಆ ಮಾತಿನಲ್ಲಿ ಎಷ್ಟು ಪ್ರೀತಿಯಿತ್ತೋ ಅವನಿಗೇ ಗೊತ್ತಿರಲಾರದು. ನಿಂಗಾಜಿಗೆ ಕೇಳಿಸಿದ್ದು, ಸವತಿಯ ಬಾಣಂತನ ಮಾಡು ಎಂದಂತೆ. ಹೂಂ ಎಂದಳು.

ಹಳ್ಳದಲ್ಲಿ ಅದೇ ದೊಡ್ಡ ಮೀನು ಅದೇ ಜಾಗಕ್ಕೆ ಬಂದು ನಿಂತಿತ್ತು. ನಿಂಗಾಜಿ ದಡದಲ್ಲಿ ಕೂತು ಅದನ್ನೇ ನೋಡಿದಳು. ಹೊತ್ತೇರಿದಾಗ ಎಮ್ಮೆ ಕಾಯುವ ಕರಿಸಿದ್ದ ಎಂಬವನು ಹಿಂಡು ಹೊಡೆದುಕೊಂಡು ಬಂದ. ಕಟ್ಟು ಅವನಿಗೂ ಗೊತ್ತಿತ್ತು. ಮೇಲಿನ ಸುತ್ತುದಾರಿಗೆ ಎಮ್ಮೆ ತಿರುಗಿಸುವ ಮುನ್ನ, ಈ ಸಲ ಗುಂಡಿಗಳು ಬಿದ್ದಿವೆಯೇ ಎಂದು ಸುಮ್ಮನೆ ಕೇಳಿದ. ಇಲ್ಲಿ ಏನೂ ಇಲ್ಲ, ಹಾಯಿಸಿಕೊಂಡು ಹೋಗು ಎಂದು ನಿಂಗಾಜಿ ಹೇಳಿದಳು. ಎಮ್ಮೆಗಳು ಇಳಿದವು, ನೀರು ಕುಡಿದವು, ಹೊರಳಾಡಿದವು, ಆಚೆ ದಡ ಹತ್ತಿದವು. ಅದೂ ಸಾಲದೆ ಅವಳೇ ಸೀರೆಯೆತ್ತಿ ಕಟ್ಟಿ ನೀರಿಗಿಳಿದು, ಉಳಿದ ಒಂದೊಂದು ಬೆಳ್ಳನೆಯ ವೃತ್ತವನ್ನೂ ಹುಡುಕಿ ಹುಡುಕಿ ಹಿಮ್ಮಡಿಯಿಂದ ಕೆದಕಿ ಕೆಡಿಸಿದಳು. ನವಣೆಯ ಕಾಳಿನಂಥ ಹಳದಿ ಮೊಟ್ಟೆಗಳು ಎದ್ದು ತೇಲಿದವು, ಅವಳ ಕಾಲುಂಗುರಕ್ಕೆ, ಸೀರೆಯ ಅಂಚಿಗೆ ಅಂಟಿಕೊಂಡವು. ಎಲ್ಲಿದ್ದವೋ ಸಣ್ಣ ಸಣ್ಣ ಮೀನುಗಳು ಮುಗಿಬಿದ್ದು ತಿನ್ನತೊಡಗಿದವು.

ದೊಡ್ಡ ಮೀನು ಓಡಿಹೋಗಿದ್ದರೆ ಅವಳ ಸಿಟ್ಟು ಇಳಿಯುತ್ತಿತ್ತೋ ಏನೋ. ಅದು ಓಡಲಿಲ್ಲ. ಕಲಕಿದ ನೀರು ತಿಳಿಯಾದಂತೆ ಮತ್ತೆ ಬಂದು, ಅವಳ ಕಾಲಿನ ಪಕ್ಕದಲ್ಲೇ, ಕೆಟ್ಟುಹೋದ ಗುಂಡಿಯ ಮೇಲೆ ಬಾಲದಿಂದ ಕಲ್ಲು ಸರಿಸಿ ಮುಚ್ಚಲು ನೋಡುತ್ತಿತ್ತು. ಒಳಗೆ ಮುಚ್ಚುವುದಕ್ಕೆ ಏನೂ ಉಳಿದಿರಲಿಲ್ಲ. ಆದರೂ ಮುಚ್ಚುತ್ತಿತ್ತು. ನಿಂಗಾಜಿಗೆ ಅಲ್ಲಿಂದ ಕಾಲು ಕೀಳಲಾಗಲಿಲ್ಲ. ಮಂಚಯ್ಯ ದಿಬ್ಬಣ ದಾಟಿಸಿ ಸಂಜೆಗೆ ಬಂದಾಗ ಅವಳು ಹಾಗೆಯೇ ನೀರಿನಲ್ಲಿ ನಿಂತಿದ್ದಳು.

ಅವನು ಹಾಸನ್ನು ನೋಡಿದ, ಎಮ್ಮೆಯ ಗೊರಸಿನ ಗುರುತು ನೋಡಿದ, ಅವಳ ಸೀರೆಯ ಅಂಚು ನೋಡಿದ. ಯಾಕೆ ಎಂದಷ್ಟೇ ಕೇಳಿದ.

"ಅವಳಿಗೆ ಆಡಿದ ಮಾತ ನಂಗೆ ಯಾವತ್ತಾರ ಆಡಿದ್ದೀಯ?" ಎಂದಳು ನಿಂಗಾಜಿ.

ಮಂಚಯ್ಯ ನೆನಪು ಮಾಡಿಕೊಳ್ಳುವವನ ಹಾಗೆ ಯೋಚಿಸಿದನಂತೆ. ಆಮೇಲೆ ಕೈ ನೀಡಿ ಅವಳನ್ನು ದಡಕ್ಕೆ ಎಳೆದುಕೊಂಡ. ಪಂಚಾಯಿತಿ ಸೇರಿತು. ಹಾಯಿಸು ಎಂದವಳು ಇವಳೇ ಎಂದು ಕರಿಸಿದ್ದ ಹೇಳಿದ. ಯಜಮಾನರು ನಿಂಗಾಜಿಯ ಕಡೆ ತಿರುಗುವ ಮೊದಲೇ ಮಂಚಯ್ಯ ಎದ್ದು, ಕಾವಲು ನನ್ನದು, ತಪ್ಪೂ ನನ್ನದು ಎಂದ. ಮುಂದಿನ ವರ್ಷದ ಗೌರಿಹಬ್ಬದವರೆಗೆ ಬಲೆ ಮುಟ್ಟಕೂಡದೆಂದು ಅವನಿಗೆ ದಂಡ ಹಾಕಿದರು. ಬೆಸ್ತನಿಗೆ ಅದಕ್ಕಿಂತ ದೊಡ್ಡ ಶಿಕ್ಷೆಯಿಲ್ಲ. ಅವನು ಬಲೆಯನ್ನು ಅಟ್ಟಕ್ಕೆ ಹಾಕಿ ಆ ವರ್ಷವೆಲ್ಲ ಕಂಡವರ ಹೊಲದಲ್ಲಿ ಕೂಲಿ ಮಾಡಿದ. ಹೆಂಡತಿಯನ್ನು ಒಂದು ಮಾತೂ ಅನ್ನಲಿಲ್ಲ.

ಮುಂದಿನ ಹೊಸನೀರಿಗೆ ಅವನು ಕಾವಲಿಗೆ ಹೊರಟಾಗ ನಿಂಗಾಜಿಯೂ ಬುತ್ತಿ ಕಟ್ಟಿಕೊಂಡು ಹೊರಟಳು. ಮೀನಿನ ಮೇಲೆ ಕನಿಕರ ಹುಟ್ಟಿತೆಂದು ಕೆಲವರು ಅಂದುಕೊಂಡರು. ಅವಳನ್ನು ಬಲ್ಲವರು, ಅವನನ್ನು ಅದರ ಜೊತೆ ಒಂಟಿಯಾಗಿ ಬಿಡಲು ಮನಸ್ಸಿಲ್ಲದೆ ಹೋದಳು ಎನ್ನುತ್ತಾರೆ. ಅವನಿಗೂ ನೀರಿಗೂ ನಡುವೆಯೇ ಕೂರುತ್ತಿದ್ದಳು. ಅವನು ತಲೆ ಓರೆ ಮಾಡಿ ನೋಡಿದರೆ ಅವಳೂ ಅತ್ತಲೇ ವಾಲುತ್ತಿದ್ದಳು. ಬೇರೆ ಏನೂ ಕೆಲಸವಿಲ್ಲದ ಆ ಉದ್ದನೆಯ ಹಗಲುಗಳಲ್ಲಿ ಮಂಚಯ್ಯ ನಿಧಾನವಾಗಿ ಹೆಂಡತಿಯೊಡನೆ ಮಾತು ಕಲಿತ. ಊರವರು ಅವರನ್ನು ಕಂಡು ಮೂವರ ಸಂಸಾರವೆಂದು ನಗುತ್ತಿದ್ದರು.

ಹಾಗೆ ಹಲವು ಮಳೆಗಾಲ ಕಳೆದವು. ಹೊಳೆಯಲ್ಲಿ ಮೀನು ಮತ್ತೆ ತುಂಬಿತು. ಒಂದು ಆಷಾಢದಲ್ಲಿ ಮಹಾಪೂರ ಬಂದು ಮಂಚಯ್ಯನ ಹರಿಗೋಲು ಮಗುಚಿತು. ಅವನ ದೇಹವೂ ಸಿಗಲಿಲ್ಲ. ತವರಿನವರು ಕರೆಯಲು ಬಂದರು. ನಿಂಗಾಜಿ ಹೋಗಲಿಲ್ಲ. ಮರುವರ್ಷ ಹೊಸನೀರು ಬಂದಾಗ ಅವಳು ಒಂದು ಕೋಲು ಹಿಡಿದು ಹಾಸಿನ ದಡದಲ್ಲಿ ಒಬ್ಬಳೇ ಕೂತದ್ದನ್ನು ಜನ ಕಂಡರು. ಗಂಡನನ್ನು ಕಳೆದುಕೊಂಡ ಸಂಕಟವನ್ನೆಲ್ಲ ಮೀನಿಗೆ ಬೈದು ತೀರಿಸಿಕೊಳ್ಳುತ್ತಿದ್ದಳು. ನಿನ್ನಿಂದ ಅವನ ಅರ್ಧ ಆಯಸ್ಸು ಈ ಬಂಡೆಯ ಮೇಲೆ ಹೋಯಿತು, ಆ ಅರ್ಧ ನನ್ನದಾಗಬೇಕಿತ್ತು ಎನ್ನುತ್ತಿದ್ದಳು.

ಆ ವರ್ಷವೇ ಪಾಳೆಯಗಾರನ ಮನೆಯಲ್ಲಿ ದೊಡ್ಡ ಔತಣ. ಮಂಚಯ್ಯ ಸತ್ತ ಮೇಲೆ ಕೇಳುವವರಿಲ್ಲವೆಂದುಕೊಂಡು ಅರಮನೆಯ ಪಾರುಪತ್ಯಗಾರ ಆಳುಗಳನ್ನು, ಬಲೆ ಕುಕ್ಕೆಗಳನ್ನು ತೆಗೆದುಕೊಂಡು ಹಾಸಿನ ಬಳಿಗೆ ಬಂದ. ಯಜಮಾನರು ಎದುರಾಡಲು ಹೆದರಿ ದೂರ ನಿಂತರು. ಆಳುಗಳು ಇನ್ನೇನು ನೀರಿಗೆ ಕಾಲಿಡಬೇಕು, ನಿಂಗಾಜಿ ಕೋಲನ್ನು ಅಡ್ಡ ಹಿಡಿದು ಮುಂದೆ ನಿಂತಳು. ಮೀನಿಗೆ ದಿನವೂ ಶಾಪ ಹಾಕುವವಳು ನೀನೇ ಅಲ್ಲವೇ, ಇವತ್ತು ಅದರ ಕಾಟ ತಪ್ಪಿಸುತ್ತೇವೆ, ಪಕ್ಕಕ್ಕೆ ಸರಿ ಎಂದು ಪಾರುಪತ್ಯಗಾರ ನಕ್ಕ.

"ಅವಳು ನನ್ನ ಸವತಿ," ಎಂದಳು ನಿಂಗಾಜಿ. "ನನ್ನ ಗಂಡ ನಂಗೆ ಬಿಟ್ಟೋಗಿರಾದು ಅವಳೊಬ್ಬಳ್ನೇ. ಬೈಯಾದು ನಾನು, ಹೊಡೆಯಾದೂ ನಾನು. ಅವಳ ಮ್ಯಾಲೆ ಕೈ ಮಾಡಾಕೆ ನೀವ್ಯಾರು?"

ಆಳುಗಳು ನಗಲಿಲ್ಲ. ಅವರಲ್ಲಿ ಹೆಚ್ಚಿನವರು ಬೆಸ್ತರೇ. ಒಬ್ಬ ಕುಕ್ಕೆ ಕೆಳಗಿಟ್ಟ. ಅವನನ್ನು ನೋಡಿ ಇನ್ನೊಬ್ಬ ಇಟ್ಟ. ದೂರ ನಿಂತಿದ್ದ ಯಜಮಾನರು ಒಬ್ಬೊಬ್ಬರಾಗಿ ಬಂದು ನಿಂಗಾಜಿಯ ಹಿಂದೆ ನಿಂತರು. ಪಾರುಪತ್ಯಗಾರ ಔತಣಕ್ಕೆ ಕುರಿ ಸಾಕೆಂದು ಹೇಳಿ ಕುದುರೆ ತಿರುಗಿಸಿದ. ಅಂದಿನಿಂದ ಬೆಣಚುಕಲ್ಲಿನ ಹಾಸಿನ ಜಾಗಕ್ಕೆ ಸವತಿಹಳ್ಳವೆಂದು ಹೆಸರಾಯಿತು. ನಿಂಗಾಜಿ ಕೂದಲು ಪೂರ್ತಿ ನರೆಯುವವರೆಗೂ ಕಾವಲು ಕೂತಳು. ಗಾಳ ಹಾಕಲು ಬಂದವರಿಗೆ ಎಲ್ಲಿ ನಿಲ್ಲಬೇಕು, ಯಾವ ಮೀನು ಬಿಡಬೇಕು ಎಂದು ಕೋಲು ತೋರಿಸಿ ಹೇಳುತ್ತಿದ್ದಳು. ಸಾಯುವವರೆಗೂ ಮೀನಿನ ಬಗ್ಗೆ ಒಂದು ಒಳ್ಳೆಯ ಮಾತು ಅವಳ ಬಾಯಿಂದ ಬರಲಿಲ್ಲ ಎನ್ನುತ್ತಾರೆ.

ಈಗಲೂ ಹೊಸನೀರಿನ ಕಾಲದಲ್ಲಿ ಹೋದರೆ ಹಾಸಿನ ಎರಡೂ ಕಡೆ ಸುಣ್ಣ ಬಳಿದ ಕಲ್ಲುಗಳು ಕಾಣುತ್ತವೆ. ಅವುಗಳ ನಡುವೆ ಯಾರೂ ನೀರಿಗಿಳಿಯುವುದಿಲ್ಲ. ಗಾಳದವರು ಕೆಳಗಿನ ಬಂಡೆಗಳ ಮೇಲೆ ಸಾಲಾಗಿ ಕೂತಿರುತ್ತಾರೆ. ದಡದಿಂದ ಬಗ್ಗಿ ನೋಡಿದರೆ ಬೆಳ್ಳನೆಯ ವೃತ್ತಗಳೂ, ಅದೃಷ್ಟವಿದ್ದರೆ ಅವುಗಳ ಮೇಲೆ ನಿಂತ ಮೀನೂ ಕಾಣುತ್ತದೆ. ಊರಿಗೆ ಹೊಸದಾಗಿ ಬಂದ ಸೊಸೆಯರು ಮೊದಲ ಆಷಾಢಕ್ಕೆ ತವರಿಗೆ ಹೊರಡುವ ಮುನ್ನ ಗಂಡನ ಜೊತೆ ಇಲ್ಲಿಗೆ ಬರುತ್ತಾರೆ. ಹೆಣ್ಣು ದಡದಲ್ಲಿ ಕೂತು, ನೀರಿಗೆ ಕಾಲು ತಾಗಿಸದೆ, ಅರಿಶಿನ ಕುಂಕುಮ ಬಿಡುತ್ತಾಳೆ. ಅದು ಮುಗಿಯುವವರೆಗೂ ಗಂಡು ಹಳ್ಳಕ್ಕೆ ಬೆನ್ನು ಹಾಕಿ ನಿಂತಿರಬೇಕು. ತಿರುಗಿ ನೋಡುವಂತಿಲ್ಲ. ಪೇಟೆಯಿಂದ ಬಂದವರಿಗೆ ಅದನ್ನು ಕಂಡು ನಗು ಬರುತ್ತದೆ. ಆ ಸೊಸೆಯರು ಮಾತ್ರ ನಗುವುದಿಲ್ಲ. ಅರಿಶಿನ ಬಿಡುತ್ತಲೇ, ಗಂಡನ ಕತ್ತು ಎಲ್ಲಿ ತಿರುಗೀತೋ ಎಂದು ಓರೆಗಣ್ಣಿನಲ್ಲಿ ನೋಡುತ್ತಿರುತ್ತಾರೆ.