ಸೆರಗಿಲ್ಲದ ಸೀರೆ

ಅದೇ ಬೇವಿನ ಮರ ಮೂರನೆಯ ಸಲ ಎದುರಾದಾಗ ದಾರಿ ತಪ್ಪಿದೆನೆಂದು ಒಪ್ಪಿಕೊಂಡೆ. ನಾಟಕ ಕಂಪನಿಯ ಜೊತೆ ಮಿರಜಿನಿಂದ ಮದರಾಸಿನವರೆಗೆ, ಒಮ್ಮೆ ಹಡಗು ಹತ್ತಿ ರಂಗೂನಿನವರೆಗೂ ಹಾಡಿಕೊಂಡು ಹೋಗಿಬಂದವಳು ನಾನು. ಬಿಳಿಗಲ್ಲೂರಿನ ನೇಕಾರರ ಓಣಿಯಲ್ಲಿ ಒಂದು ಮನೆ ಸಿಗದೆ ನಿಂತಿದ್ದೆ. ಬಣ್ಣದ ನೂಲು ಒಣಹಾಕುತ್ತಿದ್ದ ಹೆಂಗಸೊಬ್ಬಳನ್ನು ಕೇಳಿದೆ.

"ನೀಲಗಂಗಮ್ಮ ತಾಯಿಯವರ ಮಠ ಎಲ್ಲೈತಿ?"

"ನೀಲವ್ವಗ ಎಲ್ಲೀ ಮಠಾ ತಂದ್ರಿ? ಕಿವಿ ಕೊಟ್ಟು ಹೋಗ್ರಿ ಬಾಯಾರ. ಎಲ್ಲಾರ ಮನ್ಯಾಗೂ ಮಗ್ಗ ಬಡೀತಾವು. ಹಾಡಕೋತ ಬಡಿಯೂದು ಒಂದ ಮಗ್ಗ."

ಕಿವಿ ಕೊಟ್ಟು ಹೋದೆ, ಮನೆ ಸಿಕ್ಕಿತು.

ತಾಯಿಯವರು ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಳಿತು ನೇಯುತ್ತಿದ್ದರು. ಹಿಂದಿನ ಗೂಟದಲ್ಲಿ ಒಂದು ಏಕತಾರಿ. ಆ ಸೀಮೆಯಲ್ಲಿ ಕುಣಿಯೂ ಏಕತಾರಿಯೂ ಗಂಡಸರ ಸೊತ್ತು. ಹೆಂಗಸರು ನೂಲು ಸುತ್ತಿ ಕೊಡಬೇಕು, ಭಜನೆಯಲ್ಲಿ ಹಿಂದೆ ಕುಳಿತು ಕೇಳಬೇಕು. ಹದಿನೆಂಟನೆಯ ವಯಸ್ಸಿಗೆ ಗಂಡ ತೀರಿಕೊಂಡ ಮೇಲೆ ತಾಯಿಯವರು ತಾವೇ ಕುಣಿಗೆ ಇಳಿದರಂತೆ. ಪಂಚರು ಎಬ್ಬಿಸಲು ಬಂದಾಗ "ಲಾಳಿ ಒಗ್ಯಾಕ ಮೀಸಿ ಬೇಕೇನ್ರೀ?" ಎಂದು ಕೇಳಿ, ನೇಯುವುದನ್ನು ಮುಂದುವರಿಸಿದರಂತೆ. ಅಂದಿನಿಂದ ಆ ಕುಣಿಯಲ್ಲಿ ಮುನ್ನೂರಕ್ಕೂ ಮಿಕ್ಕಿ ಪದಗಳು ಹುಟ್ಟಿದವು.

ತತ್ವಪದದ ಕೊನೆಯ ನುಡಿಯಲ್ಲಿ ಅಂಕಿತ ಬರುತ್ತದೆ. ಅದು ಬಂದಾಗ ಸಭೆ ತಲೆಬಾಗುವುದು ಪದ್ಧತಿ. ಬೇರೆಯವರು ಗುರುವಿನ ಹೆಸರನ್ನೋ ದೇವರ ಹೆಸರನ್ನೋ ಇಟ್ಟರೆ, ತಾಯಿಯವರು 'ಕುಣಿಯ ನೀಲಿ' ಎಂದು ತಮ್ಮ ಹೆಸರನ್ನೇ ಇಟ್ಟರು. ಊರಿಗೆ ಪದ ಬೇಕಿತ್ತು, ಆ ಹೆಸರು ಬೇಡವಾಗಿತ್ತು.

ಆ ಪಾಪದಲ್ಲಿ ನನ್ನದೂ ಪಾಲಿತ್ತು. ಹಿಂದಿನ ವರ್ಷ ಊರ ಮಠದ ಅಂಗಳದಲ್ಲಿ, ಸಾವಿರ ಜನರೆದುರು, ತಾಯಿಯವರು ಹೆಂಗಸೊಬ್ಬಳಿಗೆ ಕಲಿಸಿ ನನ್ನ ಬಿಡಾರಕ್ಕೆ ಕಳಿಸಿದ ಪದವೊಂದನ್ನು ಹಾಡಿದ್ದೆ. ಭಜನಾ ಸಂಘದ ಹಿರಿಯರಾದ ರಾಚಪ್ಪನವರು ಮೊದಲೇ ಬಂದು, "ಕಡೀ ನುಡಿ ಬಿಟ್ಟಬಿಡ್ರಿ ಬಾಯಾರ, ಸುಮ್ಮನ ಹಿರ್ಯಾರಿಗೆ ಮುಜುಗರ" ಎಂದಿದ್ದರು. ಬಿಟ್ಟೆ. ಚಪ್ಪಾಳೆ ಬಿತ್ತು, ಹೆಗಲಿಗೆ ಶಾಲು ಬಿತ್ತು. ಜನ ಅದನ್ನು ಅಂಬಾಬಾಯಿಯ ಪದ ಎನ್ನತೊಡಗಿದರು; ಅಂಬಾಬಾಯಿಯಾದ ನಾನು ಅಲ್ಲವೆನ್ನಲಿಲ್ಲ. ಈ ಸಲ ಅದೇ ಅಂಗಳದಲ್ಲಿ ಸಂಜೆಗೆ ಹಾಡಬೇಕಿತ್ತು, ಹೊಸ ಪದ ಬೇಕಿತ್ತು. ಕೇಳಲು ಬಂದಾಗ ಅದೇ ಶಾಲನ್ನು ಹೊದ್ದಿದ್ದೆ. ಭಂಡತನಕ್ಕೂ ಒಂದು ಮಿತಿ ಇರಬೇಕೆಂದು ಆಗ ಅನಿಸಲಿಲ್ಲ.

ತಾಯಿಯವರು ಲಾಳಿಯ ಮೇಲಿನ ಕಣ್ಣು ತೆಗೆಯಲಿಲ್ಲ.

"ಹೋದ ವರ್ಷ ಕೊಟ್ಟಿದ್ದು ಹಾಡಿದೇನವ್ವಾ?"

"ಹಾಡಿದ್ನಿರಿ ತಾಯಿ. ಮಂದಿ ಭಾಳ ಮೆಚ್ಚಿದ್ರು."

"ಹೌದಂತ." ಮೂಲೆಯಲ್ಲಿ ಮಡಚಿಟ್ಟ ಸೀರೆಯತ್ತ ಗಲ್ಲ ತೋರಿಸಿದರು. "ಸಂಜೀಕ ಅದನ್ನ ಉಟಗೊಂಡು ಹಾಡು."

ದಾಳಿಂಬೆ ಬಣ್ಣದ ಒಡಲು, ಬೆರಳಗಲದ ಅಂಚು. ಹಿಗ್ಗಿ ಒಳಕೋಣೆಗೆ ಹೋಗಿ ಉಟ್ಟೆ. ನಿರಿಗೆ ಹಿಡಿದೆ, ಸುತ್ತಿದೆ, ಹೆಗಲಿಗೆ ಹಾಕಲು ಹೋದರೆ ಬಟ್ಟೆ ಎದೆಯ ಹತ್ತಿರವೇ ಮುಗಿದಿತ್ತು. ಬಿಚ್ಚಿ ಮತ್ತೆ ಉಟ್ಟೆ. ಸೆರಗು ನೇಯುವ ಮೊದಲೇ ಕತ್ತರಿಸಿ ಮಗ್ಗದಿಂದ ಇಳಿಸಿದ ಸೀರೆ ಅದು. ತುದಿಯನ್ನು ಎದೆಗೆ ಅವಚಿಕೊಂಡು ಹೊರಬಂದೆ. ನೂಲು ಸುತ್ತುತ್ತಿದ್ದ ಇಬ್ಬರು ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡರು; ಅವರಿಗಿತ್ತಲ್ಲ.

"ಇದಕ್ಕ ಸೆರಗ ಇಲ್ಲಲ್ಲರೀ ತಾಯಿ. ಹಿಂಗ ಮಂದಿ ಮುಂದ ಹ್ಯಾಂಗ ನಿಲ್ಲಲಿ?"

ಮಗ್ಗ ನಿಂತಿತು. ತಾಯಿಯವರು ಆಗ ನನ್ನನ್ನು ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳುವುದು ಸುಲಭವಾಗುತ್ತಿತ್ತು.

"ನೀ ನನ್ನ ಪದಾ ಹಿಂಗ ನಿಲ್ಲಿಸಿದ್ದೆಲ್ಲವ್ವಾ."

ಸೀರೆಯ ತುದಿಯನ್ನು ಇನ್ನಷ್ಟು ಬಿಗಿಯಾಗಿ ಅವಚಿಕೊಂಡೆ. ಕಡೆಗೆ ಹೇಗೋ ಕೇಳಿದೆ: "ಕಡೀ ನುಡಿ ಹಾಡಿದರೂ ಅವರು ತಲಿ ಬಾಗಲಿಲ್ಲಂದ್ರ?"

"ಬಾಗ್ಲಿ ಅಂತ ಕಟ್ಟಿಲ್ಲ. ನಾ ಇದ್ದೆ ಅಂತ ಕಟ್ಟೀನಿ."

ಮಗ್ಗ ಮತ್ತೆ ಬಡಿಯತೊಡಗಿತು. ಹೊಸ ಪದ ಕೇಳುವ ಮುಖ ನನಗುಳಿದಿರಲಿಲ್ಲ.

ಸಂಜೆ ನನ್ನ ಹಳೆಯ ಸೀರೆಯನ್ನೇ ಉಟ್ಟು, ಆ ಸೆರಗಿಲ್ಲದ್ದನ್ನು ಮಡಚಿ ಮಡಿಲಲ್ಲಿಟ್ಟುಕೊಂಡು ಕುಳಿತೆ. ಹೋದ ವರ್ಷದ ಪದವನ್ನೇ ಎತ್ತಿಕೊಂಡೆ. ಹಿಂದೆ ಎಲ್ಲಿ ನಿಲ್ಲಿಸಿದ್ದೆನೋ ಅಲ್ಲಿಗೆ ಬಂದಾಗ ರಾಚಪ್ಪನವರು ಮುಗಿಯಿತೆಂದು ಶಾಲು ಹಿಡಿದು ಎದ್ದರು. ನಾನು ನಿಲ್ಲಿಸಲಿಲ್ಲ. ಅವರು ಕೈಸನ್ನೆ ಮಾಡಿದರು. ತಾಳ ನಿಂತಿತು, ತಬಲಾ ನಿಂತಿತು. ಬರಿಯ ಗಂಟಲಿನಲ್ಲಿ ಹಾಡಿದೆ:

ಮಗ್ಗದ ಕುಣಿಯಾಗ ಕುಂತು ನೋಡಿದೆನು
ಮುಗಿಲಿಗೂ ಒಂದು ಅಂಚುಂಟು
ನೇಯ್ದವರಾರೆಂದು ಮರೆತಿದ್ದರೇನು
ಕುಣಿಯ ನೀಲಿಗೆ ನೆನಪುಂಟು

ಮುಂದೆ ಕುಳಿತ ಗಂಡಸರ ಸಾಲುಗಳಲ್ಲಿ ಒಂದು ತಲೆಯೂ ಅಲುಗಲಿಲ್ಲ. ನಾನು ಬಾಗಿದೆ. ತಲೆ ಎತ್ತಿದಾಗ ಹಿಂದೆ, ಗೋಡೆಯ ಹತ್ತಿರ, ಹೆಂಗಸರ ಸಾಲು ಪೂರ್ತಿ ಬಾಗಿತ್ತು. ರಾಚಪ್ಪನವರು ತಂದ ಶಾಲನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು ಹೊರಟುಹೋದರು. ಆ ಮಠ ನನ್ನನ್ನು ಮತ್ತೆ ಕರೆಯಲಿಲ್ಲ. ನಾನೂ ಅಂದಿನಿಂದ ಎಲ್ಲಿಯೂ, ಯಾರ ಪದಕ್ಕೂ, ಕಡೆಯ ನುಡಿ ಬಿಟ್ಟವಳಲ್ಲ.

ಮರುದಿನ ಬೆಳಿಗ್ಗೆ ಯಾರನ್ನೂ ಕೇಳದೆ ಆ ಮನೆಗೆ ನಡೆದು ಹೋದೆ. ಹೋದ ವರ್ಷದ ಶಾಲನ್ನು ಹೆಗಲಿಂದ ತೆಗೆದು ಕುಣಿಯ ದಂಡೆಯ ಮೇಲಿಟ್ಟೆ.

"ಇದು ನಿಮ್ಮದರೀ ತಾಯಿ. ಒಂದು ವರ್ಷ ನಾನು ಹೊದ್ದೆ."