ಮಂಡಕ್ಕಿ ಭಟ್ಟಿಯವಳು ಯೋಗಕ್ಕೆ ಹೋದದ್ದು

"ಗುರುಗಳೇ, ನನಗೆ ದೀಕ್ಷೆ ಯಾವಾಗ?" ಎಂದು ಸಿದ್ದವೀರ ಕೇಳಿದ. ಆ ವರ್ಷದಲ್ಲಿ ಅವನು ಹೀಗೆ ಕೇಳಿದ್ದು ಅದು ನಾಲ್ಕನೆಯ ಸಲ.

ಅವನು ಮಠಕ್ಕೆ ಬಂದು ಮೂರು ವರ್ಷವಾಗಿತ್ತು. ಉಪವಾಸ ಮಾಡಿದ್ದ. ಮಾಗಿಯ ಚಳಿಯಲ್ಲಿ ತಣ್ಣೀರಿನಲ್ಲಿ ಮಿಂದಿದ್ದ. ಬೇಸಿಗೆಯ ಮಧ್ಯಾಹ್ನ ಕಾದ ಬಂಡೆಯ ಮೇಲೆ ಕುಳಿತು ಜಪ ಮಾಡಿದ್ದ. "ಏನು ಕೊಟ್ಟರೂ ತಡೆದುಕೊಂಡಿದ್ದೇನೆ. ಇನ್ನೇನು ತಡೆದುಕೊಳ್ಳಬೇಕೋ ಹೇಳಿಬಿಡಿ, ಅದನ್ನೂ ತಡೆದುಕೊಳ್ಳುತ್ತೇನೆ" ಎಂದ.

ಗುರುಗಳು ನಕ್ಕು, ಪಕ್ಕದ ಚಾಪೆ ತೋರಿಸಿದರು. ಅವನು ಕುಳಿತ ಮೇಲೆ ಕತೆ ಶುರು ಮಾಡಿದರು.

ಒಂದು ಊರಿನಲ್ಲಿ ಒಬ್ಬ ಹೆಂಗಸಿದ್ದಳು. ಅವಳ ಮನೆಯವರದು ಮಂಡಕ್ಕಿ ಭಟ್ಟಿ. ಮದುವೆಯಾಗಿ ಬಂದ ವಾರದಿಂದ ಭಟ್ಟಿಯ ಮುಂದೆ ನಿಂತವಳು, ಹದಿನೈದು ವರ್ಷ ಅಲ್ಲೇ ನಿಂತಿದ್ದಳು. ಕಾದ ಮರಳಿಗೆ ಅಕ್ಕಿ ಸುರಿಯಬೇಕು, ಕೈಯಾಡಿಸಬೇಕು, ಅರಳಿದ ಕೂಡಲೇ ಬಾಚಿ ಜರಡಿಗೆ ಹಾಕಬೇಕು. ಒಂದು ಉಸಿರು ತಡವಾದರೆ ಕರಕಲು. ಒಲೆಗೆ ಹೊಟ್ಟು ಎರಚಿದಾಗಲೆಲ್ಲ ಹೊಗೆ ಏಳುತ್ತದೆ, ಆಗ ಉಸಿರು ಬಿಗಿಹಿಡಿಯಬೇಕು. ಎಲ್ಲಕ್ಕಿಂತ ಮುಖ್ಯ, ಬೆವರಿನ ಒಂದು ಹನಿಯೂ ಮರಳಿಗೆ ಬೀಳಬಾರದು. ಬಿದ್ದರೆ ಆ ಬಾಣಲೆಯ ಅಕ್ಕಿ ಕೆಟ್ಟಿತೆಂದೇ ಭಟ್ಟಿಯವರ ಲೆಕ್ಕ. ಅದಕ್ಕೇ ಅವಳು ಸೀರೆಯ ಮೇಲೆ ಗಂಡನ ಹಳೆಯ ಅಂಗಿ ತೊಟ್ಟು, ಬೆವರು ಹಣೆ ಇಳಿಯುವ ಮೊದಲೇ ಎಡತೋಳಿನಿಂದ ಒರೆಸಿಕೊಳ್ಳುತ್ತಿದ್ದಳು.

ಹದಿನೈದನೆಯ ವರ್ಷ ಅವಳ ಬಲಭುಜ ಹಿಡಿದುಕೊಂಡಿತು. ಕೈ ಎದೆಮಟ್ಟಕ್ಕಿಂತ ಮೇಲೆ ಏಳದಾಯಿತು. ಕೈಯಾಡಿಸುವುದಕ್ಕೇನೂ ಅಡ್ಡಿಯಿರಲಿಲ್ಲ, ಭಟ್ಟಿ ನಡೆಯಿತು. ಆದರೆ ಅವಳ ತುರುಬನ್ನು ಅವಳೇ ಕಟ್ಟಿಕೊಳ್ಳಲಾಗಲಿಲ್ಲ. ದಿನಾ ಬೆಳಗ್ಗೆ ಅತ್ತೆಯ ಮುಂದೆ ತಲೆ ತಗ್ಗಿಸಿ ಕೂರಬೇಕು. ಅತ್ತೆ ಅವಳ ಕಣ್ಣು ಮೇಲಕ್ಕೆ ಎಳೆದುಕೊಳ್ಳುವ ಹಾಗೆ ಬಿಗಿದು ಕಟ್ಟುವಳು. ಕಟ್ಟಿ ಮುಗಿಯುವವರೆಗೆ ನಿನ್ನೆಯ ಸಾರಿನಿಂದ ಹಿಡಿದು ತವರುಮನೆಯವರೆಗೆ ಎಲ್ಲದರ ವಿಚಾರಣೆ ನಡೆಯುವುದು. ಕೂದಲು ಅತ್ತೆಯ ಕೈಯಲ್ಲಿರುವಾಗ ಸೊಸೆ ಎದುರಾಡುವುದು ಹೇಗೆ? ದೇವರು ವರ ಕೊಡುತ್ತೇನೆಂದರೆ ಅವಳು ಬೇರೇನೂ ಕೇಳುತ್ತಿರಲಿಲ್ಲ, ತನ್ನ ತುರುಬು ತನ್ನ ಕೈಗೆ ಬರಲಿ ಎನ್ನುತ್ತಿದ್ದಳು.

ಆ ಊರಿನಲ್ಲಿ ಹೊಸದಾಗಿ ಒಂದು ಬಿಸಿಕೋಣೆಯ ಯೋಗಶಾಲೆ ಶುರುವಾಯಿತು. ಕೋಣೆಯನ್ನು ಕಾಯಿಸಿ, ಬಾಗಿಲು ಹಾಕಿ, ಆ ಶಾಖದಲ್ಲಿ ಆಸನ ಮಾಡಿಸುತ್ತಾರೆ. ಮೊದಲ ದಿನ ಯಾರು ಬೇಕಾದರೂ ಬಂದು ನೋಡಬಹುದೆಂದು ಬೋರ್ಡು ಹಾಕಿದ್ದರು. ಹಿಡಿದುಕೊಂಡ ಭುಜ ಬಿಟ್ಟೀತೇನೋ ಎಂದು ಹೆಂಗಸು ಹೊರಟು ನಿಂತಳು.

"ಭಟ್ಟಿ ಮುಂದೆ ಬೆಂದಿದ್ದು ಸಾಲ್ದೇನೇ? ಬೇರೆಯೋರ ಹತ್ರ ಬೇರೆ ಹೋಗಿ ಬೇಯ್ಬೇಕಾ?" ಎಂದಳು ಅತ್ತೆ.

"ಇಲ್ಲಿ ದಿನಾ ಅಕ್ಕಿ ಅರಳ್ತೈತೆ ಅತ್ತೆ. ಅಲ್ಲಿ ನಾನೇನಾದ್ರೂ ಅರಳ್ತೀನೋ ನೋಡ್ಕೊಂಡು ಬರ್ತೀನಿ" ಎಂದು ಸೊಸೆ ಮೆಟ್ಟಿಲಿಳಿದಳು. ಆ ಹೊತ್ತಿಗೆ ತುರುಬು ಕಟ್ಟಿ ಆಗಿತ್ತು.

ಕೋಣೆಯೊಳಗೆ ಕಾಲಿಟ್ಟವಳು ಮೊದಲು ಒಲೆ ಹುಡುಕಿದಳು. ಕಾಣಲಿಲ್ಲ. ಶಾಖ ಗೋಡೆಯಿಂದ ಬರುತ್ತಿತ್ತು. ಪಕ್ಕದ ಚಾಪೆಯ ಮೇಲೆ ಒಬ್ಬ ಬಟ್ಟೆ ವ್ಯಾಪಾರಿ ನಿಂತಿದ್ದ, ದೊಡ್ಡ ಹೊಟ್ಟೆಯವನು. ಹತ್ತು ನಿಮಿಷಕ್ಕೆ ಅವನು ಏದುಸಿರು ಬಿಟ್ಟ. ಇಪ್ಪತ್ತು ನಿಮಿಷಕ್ಕೆ ತನ್ನ ಬೆವರಿನಲ್ಲಿ ತಾನೇ ಜಾರಿದ. ಇಬ್ಬರು ಬಾಗಿಲು ತೆರೆದು ಗಾಳಿಗೆ ಓಡಿದರು. ಹೆಂಗಸು ಕಂಬದ ಹಾಗೆ ನಿಂತಿದ್ದಳು. ಇವರು ಇದನ್ನು ಬಿಸಿ ಅಂತಾರಲ್ಲ ಎಂದು ಒಳಗೊಳಗೇ ಹಿಗ್ಗಿದಳು. ನಮ್ಮ ಭಟ್ಟಿ ಹೊತ್ತಿಸುವ ಮೊದಲೇ ಇದಕ್ಕಿಂತ ಕಾದಿರುತ್ತದೆ ಎಂದುಕೊಂಡಳು. ಕಲಿಸುವ ಹುಡುಗಿ ಹೇಳಿದ್ದಕ್ಕೆಲ್ಲ ಹಲ್ಲು ಕಚ್ಚಿದಳು, ಉಸಿರು ಬಿಗಿಹಿಡಿದಳು, ಎಡತೋಳಿನಿಂದ ಹಣೆ ಒರೆಸಿದಳು. ಆ ಕೋಣೆಯಲ್ಲಿ ಅವಳನ್ನು ಮೀರಿಸುವವರು ಇರಲಿಲ್ಲ.

ಬಲಗೈ ಮಾತ್ರ ಎದೆಮಟ್ಟದಲ್ಲೇ ಇತ್ತು.

ಹುಡುಗಿ ಹತ್ತಿರ ಬಂದಳು. "ಅಕ್ಕಾ, ಸುಮ್ಮನೆ ಯಾಕೆ ಒರೆಸಿಕೊಳ್ತಾನೇ ಇದೀರ?"

"ಬೀಳಬಾರ್ದಲ್ಲವ್ವಾ. ಮರಳಿಗೆ ಬಿದ್ರೆ ಅಕ್ಕಿ ಕೆಡ್ತೈತೆ."

"ಇಲ್ಲಿ ಅಕ್ಕಿ ಎಲ್ಲಿದೆ ಅಕ್ಕಾ?"

ಹೆಂಗಸು ಬಗ್ಗಿ ನೋಡಿದಳು. ಕಾಲಕೆಳಗೆ ನೀಲಿ ಚಾಪೆ, ಅದರ ಮೇಲೆ ಅವಳ ಎರಡು ಪಾದ, ಅಷ್ಟೆ. ಬಾಣಲೆಯಿಲ್ಲ, ಮರಳಿಲ್ಲ, ಹೊಗೆಯೂ ಇಲ್ಲ. ಎತ್ತಿದ ಎಡತೋಳು ಅರ್ಧದಲ್ಲೇ ನಿಂತಿತು.

"ಬೀಳ್ಲಿ ಬಿಡಮ್ಮ, ನಮ್ಮ ಕಡೆ ಆಗ್ಲೇ ಕೆರೆ ಕೋಡಿ ಬಿದ್ದೈತೆ" ಎಂದ ವ್ಯಾಪಾರಿ, ನೆಲದ ಮೇಲೆ ಕೂತಲ್ಲಿಂದಲೇ.

ಅವಳಿಗೆ ನಗು ಬಂತು. ತಡೆಯಲು ನೋಡಿದಳು, ಆಗಲಿಲ್ಲ. ನಗುವಿನ ಜೊತೆಗೆ ಕಟ್ಟಿಹಿಡಿದಿದ್ದ ಉಸಿರೆಲ್ಲ ಹೊರಗೆ ಬಂತು. ಹಣೆಯಿಂದ ಒಂದು ಹನಿ ಮೂಗಿಗೆ ಇಳಿದು, ತುದಿಯಲ್ಲಿ ತೂಗಿ, ಚಾಪೆಯ ಮೇಲೆ ಟಪ್ಪೆಂದು ಬಿತ್ತು. ಏನೂ ಕೆಡಲಿಲ್ಲ. ಇನ್ನೊಂದು ಬಿತ್ತು. ಆಮೇಲೆ ಅವಳು ಎಣಿಸಲಿಲ್ಲ. ಬೆವರು ಕುತ್ತಿಗೆಯಲ್ಲಿ, ಬೆನ್ನಿನಲ್ಲಿ ಮನಸ್ಸು ಬಂದ ಕಡೆ ಹರಿಯಿತು. ಮೊದಲ ಸಲ ಮಳೆಯಲ್ಲಿ ನೆನೆಯಲು ಬಿಟ್ಟ ಮಗುವಿನ ಹಾಗೆ ಅವಳು ನಗುತ್ತಾ ನಿಂತಳು. ಶಾಖ ಭುಜಕ್ಕೆ ಇಳಿಯಿತು. ಕೈ ಎದೆ ದಾಟಿತು, ಗಲ್ಲ ದಾಟಿತು, ನೋಯುತ್ತಾ ನೋಯುತ್ತಾ ಕಿವಿಯವರೆಗೆ ಬಂತು.

ತರಗತಿ ಮುಗಿದ ಮೇಲೆ ಅವಳು ಹೊರಗೆ ಮೆಟ್ಟಿಲ ಮೇಲೆ ಕುಳಿತಳು. ಅತ್ತೆ ಕಟ್ಟಿದ ತುರುಬನ್ನು ಬಿಚ್ಚಿದಳು. ತಲೆಯನ್ನು ಬಲಕ್ಕೆ ವಾಲಿಸಿ, ಕೈಗೆ ಎಟುಕಿದಷ್ಟರಲ್ಲಿ ತಾನೇ ಸುತ್ತಿದಳು. ತುರುಬು ಸೊಟ್ಟಗಾಯಿತು, ಒಂದು ಕಿವಿಯ ಮೇಲೆ ಕೂತಿತು. ಅದೇ ಸೊಟ್ಟ ತುರುಬಿನಲ್ಲಿ ಪೇಟೆಬೀದಿಯುದ್ದಕ್ಕೂ ತಲೆಯೆತ್ತಿ ನಡೆದು ಮನೆಗೆ ಹೋದಳು.

ಗುರುಗಳು ಕತೆ ನಿಲ್ಲಿಸಿದರು. ಸಿದ್ದವೀರನ ಮುಖ ಅರಳಿತ್ತು.

"ಆ ಕೋಣೆ ಏನು ಮಹಾ ಗುರುಗಳೇ" ಎಂದ. "ನಾನಾಗಿದ್ದರೆ ಇನ್ನೂ ಒಂದು ಗಂಟೆ ಅಲ್ಲೇ ನಿಂತಿರುತ್ತಿದ್ದೆ."

ಗುರುಗಳು ಅವನ ಬೆನ್ನು ತಟ್ಟಿ ಹೇಳಿದರು: "ಅವಳು ಹೋದದ್ದು ಕೈ ಎತ್ತುವುದಕ್ಕೆ ಮಗನೇ, ನೀನು ಇಲ್ಲಿಗೆ ಬಂದದ್ದು ಯಾವುದಕ್ಕೆ?"