ಚೌಡಮ್ಮ ಕಾಲೇಜು ನೋಡಿದ್ದು

ಹೂ ಮಾರೋ ಚೌಡಮ್ಮನ ಮಗಳಿಗೆ ಡಾಕ್ಟರ್ ಓದೋಕೆ ಎರಡು ಕಡೆ ಸೀಟು ಸಿಕ್ಕಿತ್ತು. ಒಂದು ಹಳೇ ಸರ್ಕಾರಿ ಕಾಲೇಜು, ಇನ್ನೊಂದು ಥಳಥಳ ಹೊಳೆಯೋ ಹೊಸ ಕಾಲೇಜು. ಹೊಸ ಕಾಲೇಜಿನ ಯಜಮಾನರು ತಾಯಿ ಮಗಳನ್ನು ವಾರ್ಡಿಗೆ ಕರೆದೊಯ್ದರು.

"ನೋಡಮ್ಮ, ಮಂಚಕ್ಕೊಬ್ಬ ರೋಗಿ! ಕಲಿಯೋಕೆ ಇನ್ನೇನು ಬೇಕು? ಈಗಲೇ ಸಹಿ ಹಾಕಿಸು," ಎಂದು ಗದರಿದರು.

ಚೌಡಮ್ಮ ನೋಡಿದಳು. ಕಿಟಕಿಯಾಚೆ ಒಂದು ಖಾಲಿ ಲಾರಿ ನಿಂತಿತ್ತು. ಕಾಲು ಮುರಿದವರೂ ಚಪ್ಪಲಿ ಹಾಕಿಕೊಂಡೇ ಮಲಗಿದ್ದರು. ಅವಳು ಬಾಗಿಲಲ್ಲಿ ನಿಂತು ಕೂಗಿದಳು: "ಊರಿಗೆ ಹೋಗೋ ಲಾರಿ ಹೊರಟಿತು, ಬನ್ರೋ!"

ಇಡೀ ವಾರ್ಡೇ ಎದ್ದು ಓಡಿತು. ಕಾಲಿನ ಪಟ್ಟಿಗಳು ಬಾಲದ ಹಾಗೆ ಹಾರಿದವು.

"ಏಯ್ ನಿಲ್ರೋ! ಸಂಜೆವರೆಗೆ ಮಲಗ್ತೀವಿ ಅಂದಿದ್ರಲ್ರೋ!" ಯಜಮಾನರು ಬೊಬ್ಬೆ ಹೊಡೆದರು.

ಚೌಡಮ್ಮ ಕೈಮುಗಿದಳು. "ಒಂದು ಕೂಗಿಗೆ ಎಲ್ಲರೂ ವಾಸಿಯಾದರಲ್ಲ ಸ್ವಾಮಿ! ಇನ್ನು ಇಲ್ಲಿ ನನ್ನ ಮಗಳಿಗೇನು ಕೆಲಸ? ಸರ್ಕಾರಿ ಕಾಲೇಜಿಗೇ ಸೇರಿಸ್ತೀನಿ. ಅಲ್ಲಿ ಪಾಪ, ನಿಜವಾಗಿ ಕಾಯಿಲೆ ಬಿದ್ದೋರಿದ್ದಾರೆ."